ಅಪ್ಪನ ಕೊನೆಯ ಫೋನ್ ಎತ್ತಲಿಲ್ಲ. ದೇವರು ನನ್ನನ್ನು ಕ್ಷಮಿಸಿದ್ದಾನೆಯೇ?

ಪ್ರಶ್ನೆ: ಪಾಸ್ಟರ್, ವಂದನೆಗಳು. ನನಗೆ 41 ವರ್ಷ. ಆಸ್ತಿ ಪಾಲಿನ ವಿಚಾರದಲ್ಲಿ ಅಪ್ಪ ತಮ್ಮನ ಪರ ನಿಂತರೆಂದು ಸಿಟ್ಟಾಗಿ ನಾಲ್ಕು ವರ್ಷ ಅವರ ಜೊತೆ ಮಾತು ಬಿಟ್ಟಿದ್ದೆ. ಒಂದು ಸಂಜೆ ಅಪ್ಪನ ಫೋನ್ ಬಂತು. ಹೆಸರು ನೋಡಿ ಮೊಬೈಲನ್ನು ಕವುಚಿ ಇಟ್ಟೆ. ಹನ್ನೊಂದು ದಿನಕ್ಕೆ ಅಪ್ಪ ತೀರಿಕೊಂಡರು. ಸಮಾಧಿಯ ಹತ್ತಿರ ತಮ್ಮ ನನ್ನ ಮುಖ ಕೂಡ ನೋಡಲಿಲ್ಲ. ಇದಾಗಿ ಎರಡು ವರ್ಷ. ದಿನಾ ರಾತ್ರಿ ಮೊಣಕಾಲೂರಿ ಕ್ಷಮೆ ಕೇಳುತ್ತೇನೆ, ಸಿಕ್ಕಿತು ಅನಿಸುವುದೇ ಇಲ್ಲ. ಆರಾಧನೆಯಲ್ಲಿ ಎಲ್ಲರೂ ಹಾಡುವಾಗ ನನ್ನ ಬಾಯಿ ತೆರೆಯುವುದಿಲ್ಲ. ಅಳು ಬಂದರೆ, ಅಳುವ ಹಕ್ಕು ನಿನಗಿಲ್ಲ ಎಂದು ಒಳಗಿನಿಂದ ಯಾರೋ ಹೇಳಿದಂತಾಗುತ್ತದೆ. ಎಲ್ಲ ದೇವರ ಚಿತ್ತ ಎನ್ನುತ್ತಾರೆ ಸಭೆಯವರು. ಕೆಲವೊಮ್ಮೆ ಅಪ್ಪನ ಜೊತೆ ನಾನೂ ಹೋಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಮೊದಲಿನ ವಿಶ್ವಾಸ ಮರಳಿ ಬರುತ್ತದೆಯೇ?

ಉತ್ತರ: ಸಹೋದರಿ, ನಿಮ್ಮ ಕೊನೆಯ ಸಾಲಿಗೆ ಆಮೇಲೆ ಬರುತ್ತೇನೆ. ಅದರ ಹಿಂದಿನ ಸಾಲು ಮೊದಲು. 'ನಾನೂ ಹೋಗಿದ್ದರೆ' ಎಂಬುದು ಯಾವಾಗಲೋ ಸುಳಿದು ಹೋಗುವ ಯೋಚನೆಯೋ, ದಿನಾ ಬಂದು ಕೂರುವ ಯೋಚನೆಯೋ? ದಿನಾ ಬರುತ್ತಿದ್ದರೆ, ಅಥವಾ ಹೇಗೆ ಎಂಬ ಲೆಕ್ಕಾಚಾರಕ್ಕೆ ಮನಸ್ಸು ಇಳಿಯುತ್ತಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಹತ್ತಿರದವರಿಗೆ ಈಗಲೇ ಹೇಳಿ, ಮನೋವೈದ್ಯರನ್ನು ಇವತ್ತೇ ಕಾಣಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ವೈದ್ಯರ ಹತ್ತಿರ ಹೋಗುವುದು ನಂಬಿಕೆ ಸೋತದ್ದರ ಗುರುತು ಎಂದು ಯಾರಾದರೂ ಹೇಳಿಯಾರು. ಹೇಳಿದರೆ ಎಲೀಯನ ಕಥೆ ನೆನಪಿಸಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದ ಬೆಂಕಿ ಕಂಡ ಪ್ರವಾದಿ, ಅದಾದ ಸ್ವಲ್ಪ ದಿನಕ್ಕೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿದ. ದೇವದೂತ ಬಂದವನು ಉಪದೇಶ ಮಾಡಲಿಲ್ಲ, ಗದರಲೂ ಇಲ್ಲ. ತಟ್ಟಿ ಎಬ್ಬಿಸಿದ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಎಲೀಯ ಮತ್ತೆ ಮಲಗಿದ. ಎರಡನೆಯ ಸಲ ಎಬ್ಬಿಸಿದಾಗಲೂ ಸಿಕ್ಕಿದ್ದು ಊಟವೇ. ದೇವರು ಅವನನ್ನು ಮಾತಿಗೆಳೆದದ್ದು ನಲವತ್ತು ದಿನದ ನಡಿಗೆಯ ಆಚೆ, ಹೋರೇಬ್ ಬೆಟ್ಟದ ಗುಹೆಯಲ್ಲಿ. ನೀವು ಎಷ್ಟು ನಿದ್ದೆ ಮಾಡುತ್ತೀರಿ, ಏನು ತಿನ್ನುತ್ತೀರಿ ಎಂಬುದು ಪತ್ರದಲ್ಲಿ ಇಲ್ಲ. ಎದುರಿಗೆ ಕುಳಿತಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ಇನ್ನು ವಿಷಯಕ್ಕೆ ಬರೋಣ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡು ಬೇರೆ ಬೇರೆ ನೋವುಗಳು ಅದರಲ್ಲಿ ಒಂದೇ ಗಂಟಾಗಿವೆ. ಒಂದು, ಅಪ್ಪ ಇಲ್ಲ ಎಂಬ ದುಃಖ. ಇನ್ನೊಂದು, ಅಪ್ಪನಿಗೆ ತಪ್ಪು ಮಾಡಿದೆ ಎಂಬ ಪಶ್ಚಾತ್ತಾಪ. ದುಃಖವನ್ನು ಅತ್ತು ಕಳೆಯಬೇಕು, ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ನೀವು ಎರಡನ್ನೂ ಅದಲುಬದಲು ಮಾಡಿಕೊಂಡಿದ್ದೀರಿ. ಅಳಬೇಕಾದಲ್ಲಿ ಕ್ಷಮೆ ಕೇಳುತ್ತಿದ್ದೀರಿ. ಒಪ್ಪಿಕೊಳ್ಳಬೇಕಾದದ್ದನ್ನು ಬರೀ ಕೊರಗಾಗಿ ಇಟ್ಟುಕೊಂಡಿದ್ದೀರಿ. ಎರಡು ವರ್ಷದ ಪ್ರಾರ್ಥನೆ ಒಂದು ಅಂಗುಲವೂ ಮುಂದೆ ಹೋಗದಿರುವುದಕ್ಕೆ ಇದೇ ಕಾರಣ ಎಂದು ನನ್ನ ಎಣಿಕೆ.

ರಾತ್ರಿ ನೀವು ಯಾವುದಕ್ಕೆ ಕ್ಷಮೆ ಕೇಳುತ್ತೀರಿ? ಫೋನ್ ಎತ್ತದ್ದಕ್ಕೆ. ಸ್ವಲ್ಪ ನಿಧಾನವಾಗಿ ಯೋಚಿಸಿ. ಅಪ್ಪ ಇನ್ನೂ ಹತ್ತು ವರ್ಷ ಬದುಕಿದ್ದರೆ ಆ ಸಂಜೆ ನಿಮಗೆ ನೆನಪಾದರೂ ಇರುತ್ತಿತ್ತೇ? ಹನ್ನೊಂದು ದಿನದ ನಂತರ ಸಾವು ಬಂದದ್ದರಿಂದ ಆ ಒಂದು ಕರೆಗೆ ಸಾವಿನಷ್ಟು ಭಾರ ಬಂದಿದೆ. ಆದರೆ ಅಪ್ಪ ತೀರಿಕೊಂಡದ್ದು ನೀವು ಫೋನ್ ಎತ್ತದ್ದರಿಂದಲ್ಲ, ಮುಂದಾಗುವುದು ನಿಮಗೆ ಗೊತ್ತೂ ಇರಲಿಲ್ಲ. ಗೊತ್ತಿಲ್ಲದ್ದು ಪಾಪವಲ್ಲ. ಅದು ದುಃಖ, ಬಹಳ ದೊಡ್ಡ ದುಃಖ. ಪಾಪ ಬೇರೆ ಕಡೆ ಇದೆ, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ನಾಲ್ಕು ವರ್ಷದ ಮುನಿಸು. ಹಬ್ಬಗಳಲ್ಲಿ ಹೋಗದೆ ಉಳಿದದ್ದು, ಪಾಲು ಸಿಗದಿದ್ದರೆ ಮಾತೂ ಇಲ್ಲ ಎಂದು ಅಪ್ಪನ ಮೇಲೆ ಬೆಲೆ ಕಟ್ಟಿದ್ದು. ಪಾಲಿನ ವಿಷಯದಲ್ಲಿ ನಿಮಗೆ ಅನ್ಯಾಯವೇ ಆಗಿರಬಹುದು. ಆದರೂ ಈ ಮುನಿಸು ನಿಮ್ಮದೇ. ದೇವರ ಮುಂದೆ ಇಡಬೇಕಾದದ್ದು ಅದು. ಆ ಫೋನಿನ ಹಿಂದೆ ಅದು ಎರಡು ವರ್ಷ ಅಡಗಿ ಕೂತಿದೆ.

ಪಶ್ಚಾತ್ತಾಪ ನಮ್ಮ ಭಾಷೆಯಲ್ಲಿ ಮನೆ ಮಾಡಿಕೊಂಡಿರುವುದು ಒಂದು ಪುಟ್ಟ ಪ್ರತ್ಯಯದಲ್ಲಿ. ಎತ್ತಿದ್ದರೆ, ಹೋಗಿದ್ದರೆ, ಒಂದು ಮಾತು ಆಡಿದ್ದರೆ. ಆ 'ರೆ' ಇದೆಯಲ್ಲ, ಅದಕ್ಕೆ ಕೊನೆಯೇ ಇಲ್ಲ. ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬೇಥಾನ್ಯಕ್ಕೆ ಬಂದಾಗ ಮಾರ್ಥಳೂ ಮರಿಯಳೂ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ. ಆ ನಾಲ್ಕು ದಿನ ಇಬ್ಬರೂ ಇದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ಕೂತಿದ್ದರೇನೋ. ಮಾರ್ಥಳಿಗೆ ಯೇಸು ಪುನರುತ್ಥಾನದ ಮಾತು ಹೇಳಿದ. ಅದೇ ವಾಕ್ಯ ಮರಿಯಳ ಬಾಯಿಂದ ಬಂದಾಗ ಯಾವ ಉತ್ತರವೂ ಇಲ್ಲ, ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದ, ಅತ್ತ. ಇನ್ನೇನು ಲಾಜರನನ್ನು ಎಬ್ಬಿಸಲಿದ್ದೇನೆಂದು ಗೊತ್ತಿದ್ದವನು ಅತ್ತ. ಹಾಗಿರುವಾಗ ಅಳುವ ಹಕ್ಕು ನಿಮಗಿಲ್ಲ ಎಂದವರು ಯಾರು? ಅದು ದೇವರ ದನಿಯಂತೂ ಅಲ್ಲ.

ಪ್ರಾಚೀನ ಸಭೆಯ ದೊಡ್ಡ ಪಂಡಿತ ಅಗಸ್ತೀನನಿಗೂ ಇದೇ ತೊಡಕಿತ್ತು. 387ರಲ್ಲಿ ಇಟಲಿಯ ಒಸ್ತಿಯಾ ಬಂದರಿನಲ್ಲಿ ಅವನ ತಾಯಿ ಮೋನಿಕಾ ತೀರಿಕೊಂಡಳು. ಕ್ರೈಸ್ತನಾದವನು ಸಾವಿಗೆ ಅಳಬಾರದೆಂದು ಹಟ ಹಿಡಿದು ಸಮಾಧಿಯ ಹತ್ತಿರವೂ ಕಣ್ಣೀರು ತಡೆದುಕೊಂಡ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆಂದು ಯಾರೋ ಹೇಳಿದ್ದರು. ಸ್ನಾನಗೃಹಕ್ಕೂ ಹೋಗಿಬಂದ, ಏನೂ ಇಳಿಯಲಿಲ್ಲ. ಮಲಗಿ ಎದ್ದ ಮೇಲೆ, ಒಬ್ಬನೇ ಇದ್ದಾಗ, ಕಟ್ಟೆ ಒಡೆಯಿತು. ಇಷ್ಟನ್ನೂ ಮುಚ್ಚಿಡದೆ ಬರೆದುಕೊಂಡಿದ್ದಾನೆ. ತಾಯಿಗಾಗಿ ಒಂದು ಗಂಟೆಯೂ ತುಂಬದಷ್ಟು ಹೊತ್ತು ನಾನು ಅತ್ತದ್ದನ್ನು ಯಾರಾದರೂ ತಪ್ಪೆಂದರೆ ನಗಬೇಡಿ, ನನ್ನ ಪಾಪಗಳಿಗಾಗಿ ಅಳಿ ಎಂದು ಓದುವವರನ್ನು ಕೇಳಿಕೊಂಡಿದ್ದಾನೆ. ಸ್ನಾನಗೃಹಕ್ಕೆ ಹೋಗಿ ಬರಿಗೈಯಲ್ಲಿ ಬಂದ ಆ ಮಹಾಪಂಡಿತನ ಮೇಲೆ ನನಗೆ ಯಾಕೋ ಪ್ರೀತಿ.

ಅಳುವುದಕ್ಕೆ ನಿಮ್ಮಲ್ಲಿ ಮಾತಿಲ್ಲದಿದ್ದರೆ ಸತ್ಯವೇದದಲ್ಲಿ ಬೇಕಾದಷ್ಟಿದೆ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳು, ದೂರು, ಎಷ್ಟರವರೆಗೆ ಎಂಬ ಪ್ರಶ್ನೆ. ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಪ್ರಲಾಪಗಳ ಪುಸ್ತಕದಿಂದ 'ಪ್ರತಿದಿನ ಬೆಳಗ್ಗೆ ಹೊಸದಾಗುವ ಕರುಣೆ' ಎಂಬ ಮಾತನ್ನು ಮಾತ್ರ ಕಿತ್ತು ಕ್ಯಾಲೆಂಡರಿನಲ್ಲಿ ಹಾಕುತ್ತೇವೆ. ಅದು ಐದು ಅಧ್ಯಾಯಗಳ ನಟ್ಟನಡುವೆ, ಮೂರನೆಯದರಲ್ಲಿ ಬರುತ್ತದೆ. ಅದಾದ ಮೇಲೂ ಗೋಳು ಮುಂದುವರಿಯುತ್ತದೆ. ಪುಸ್ತಕದ ಕೊನೆಯ ಸಾಲು, ನೀನು ನಮ್ಮನ್ನು ಪೂರ್ತಿ ಕೈಬಿಟ್ಟೆಯಾ ಎಂಬ ಅನುಮಾನ. ಅದನ್ನು ಅಳಿಸಿಹಾಕದೆ ಧರ್ಮಗ್ರಂಥದೊಳಗೆ ಇಟ್ಟುಕೊಂಡವರಿಗೆ ಶೋಕ ಅಂದರೇನೆಂದು ಗೊತ್ತಿತ್ತು. 88ನೇ ಕೀರ್ತನೆಯನ್ನು ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ. ಅಲ್ಲಿ ಕ್ಷಮೆ ಕೇಳುವ ಮಾತೇ ಇಲ್ಲ, ನೀವೂ ಸೇರಿಸಬೇಡಿ. ಅಪ್ಪನನ್ನು ಕಳೆದುಕೊಂಡ ಮಗಳಾಗಿ ಮಾತ್ರ ಓದಿ.

'ಎಲ್ಲ ದೇವರ ಚಿತ್ತ' ಎನ್ನುವವರ ಬಗ್ಗೆ ಹೆಚ್ಚು ಹೇಳಲು ನನಗೆ ಮುಖವಿಲ್ಲ. ಸಭಾಪಾಲಕನಾದ ಹೊಸತರಲ್ಲಿ, ಮಗುವನ್ನು ಕಳೆದುಕೊಂಡ ತಾಯಿಯೊಬ್ಬರ ಮನೆಗೆ ಹೋಗಿ ಹೆಚ್ಚುಕಡಿಮೆ ಅದೇ ಮಾತನ್ನು ಹೇಳಿದ್ದೆ. ಆಕೆ ಸಿಟ್ಟಾಗಲಿಲ್ಲ. ಎದ್ದು ಒಳಗೆ ಹೋದರು, ನಾನು ಇರುವಷ್ಟು ಹೊತ್ತೂ ಹೊರಗೆ ಬರಲಿಲ್ಲ. ಮುಂದಿನ ಕೋಣೆಯಲ್ಲಿ ಗೋಡೆ ಗಡಿಯಾರ ನೋಡುತ್ತಾ ಕುಳಿತಿದ್ದೆ. ಯೋಬನ ಗೆಳೆಯರು ಏಳು ದಿನ ಬಾಯಿಬಿಡದೆ ನೆಲದ ಮೇಲೆ ಕುಳಿತಿದ್ದರು, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂಬುದು ನನಗೆ ಅರ್ಥವಾದದ್ದು ಆ ದಿನದ ನಂತರ. ನಿಮ್ಮ ಸಭೆಯವರೂ ಪ್ರೀತಿಯಿಂದಲೇ ಹೇಳಿರುತ್ತಾರೆ. ಕೇಳಿಸಿಕೊಂಡು ಬಿಟ್ಟುಬಿಡಿ.

ಈಗ ಪಶ್ಚಾತ್ತಾಪ. ಪಶ್ಚಾತ್ ಅಂದರೆ ಆಮೇಲೆ, ತಾಪ ಅಂದರೆ ಬೇಗೆ. ಎಲ್ಲ ಮುಗಿದ ಮೇಲೆ ಸುಡುವ ಬೇಗೆ. ಕನ್ನಡ ಸತ್ಯವೇದದಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಪದ ಇದೆ, ಮಾನಸಾಂತರ. ಮನಸ್ಸೇ ಬೇರೆ ದಿಕ್ಕಿಗೆ ತಿರುಗುವುದು. ಗ್ರೀಕ್ ಮೂಲದಲ್ಲೂ ಎರಡು ಪದಗಳಿವೆ. ಯೇಸುವನ್ನು ಹಿಡಿದುಕೊಟ್ಟ ಯೂದ ಇಸ್ಕರಿಯೋತನ ಬಗ್ಗೆ ಮತ್ತಾಯ ಬರೆಯುವಾಗ ಬಳಸಿದ್ದು ಬೇಗೆಯ ಪದ, ತಿರುಗುವ ಪದವಲ್ಲ. ನಾನೂ ಪ್ರಸಂಗಗಳಲ್ಲಿ ಬಹಳ ಕಾಲ ಇಷ್ಟಕ್ಕೇ ನಿಲ್ಲಿಸುತ್ತಿದ್ದೆ: ಯೂದನದು ಬರೀ ಕೊರಗು, ಯೇಸುವನ್ನು ಅರಿಯೆನೆಂದ ಪೇತ್ರನದು ನಿಜವಾದ ಮಾನಸಾಂತರ ಎಂದು. ಈಗ ಅಷ್ಟು ಸಲೀಸಾಗಿ ಹೇಳಲಾರೆ. ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯವನ್ನು ನೋಡಿ. ಯೂದ ಮೂವತ್ತು ಬೆಳ್ಳಿ ನಾಣ್ಯಗಳನ್ನು ವಾಪಸು ತಂದ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಹೇಳಿದ್ದು ಯಾಜಕರ ಮುಂದೆ, ಅಂದರೆ ಹೇಳಬೇಕಾದ ಜಾಗದಲ್ಲೇ. ಅವರು ಕೊಟ್ಟ ಉತ್ತರ: ಅದು ನಮಗೇನು, ನೀನೇ ನೋಡಿಕೋ. ಅಲ್ಲಿಂದ ಅವನು ಒಬ್ಬನೇ ಹೊರಟುಹೋದ.

ಒಬ್ಬರೇ ನೋಡಿಕೊಳ್ಳುವಂಥದ್ದಲ್ಲ ಇದು. ನೀವು ಎರಡು ವರ್ಷದಿಂದ ಒಬ್ಬರೇ, ರಾತ್ರಿ, ದೀಪ ಆರಿಸಿ ಕ್ಷಮೆ ಕೇಳುತ್ತಿದ್ದೀರಿ. ಕೇಳುವ ದನಿಯೂ ನಿಮ್ಮದೇ, ಇಲ್ಲ ಎನ್ನುವ ದನಿಯೂ ನಿಮ್ಮದೇ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಎಂದು ಯಾಕೋಬನ ಪತ್ರಿಕೆ ಹೇಳುವುದು ಇದಕ್ಕೇ. ಕಥೋಲಿಕರಾದರೆ ಗುರುಗಳ ಬಳಿ ಪಾಪನಿವೇದನೆಗೆ ಹೋಗಿ; ಅಲ್ಲಿ ಕೇಳಿದ್ದನ್ನು ಅವರು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಪ್ರಾಟೆಸ್ಟೆಂಟರಲ್ಲಿ ಅದೆಲ್ಲ ಇಲ್ಲವಲ್ಲ ಎನ್ನಬೇಡಿ. ಪ್ರಾಟೆಸ್ಟೆಂಟ್ ಸುಧಾರಣೆ ಆರಂಭಿಸಿದ ಲೂಥರನ ಕಡೆಯವರು 1530ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಸಾಮ್ರಾಟನ ಮುಂದೆ ಇಟ್ಟ ವಿಶ್ವಾಸ ಪ್ರಕಟಣೆಯ 11ನೇ ವಿಧಿ, ಖಾಸಗಿ ಪಾಪಕ್ಷಮೆಯ ಘೋಷಣೆಯನ್ನು ಸಭೆಗಳಲ್ಲಿ ಉಳಿಸಿಕೊಳ್ಳಬೇಕು ಎನ್ನುತ್ತದೆ. ಅದನ್ನು ರೂಢಿಯಿಂದ ಬಿಟ್ಟದ್ದು ನಂತರ ಬಂದ ನಾವು. ಗುಟ್ಟು ಉಳಿಸಿಕೊಳ್ಳಬಲ್ಲ ಸಭಾಪಾಲಕರೋ, ಸಭೆಯ ಹಿರಿಯ ತಾಯಿಯೋ, ಒಬ್ಬರನ್ನು ಆರಿಸಿಕೊಳ್ಳಿ. ಫೋನಿನ ಕಥೆ ಹೇಳಬೇಡಿ, ಆ ನಾಲ್ಕು ವರ್ಷದ ಕಥೆ ಹೇಳಿ. ಬೇಕಾದರೆ ಬರೆದುಕೊಂಡು ಹೋಗಿ. ಹೇಳಿ ಮುಗಿದ ಮೇಲೆ, ಯೇಸುಕ್ರಿಸ್ತನ ಹೆಸರಿನಲ್ಲಿ ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ ಎಂಬ ಮಾತನ್ನು ಅವರ ಬಾಯಿಂದ, ಅವರ ದನಿಯಲ್ಲಿ, ನಿಮ್ಮ ಕಿವಿಯಿಂದ ಕೇಳಿಸಿಕೊಳ್ಳಿ. ಆಮೇಲೆ ಅದೇ ಪಾಪಕ್ಕೆ ಮತ್ತೆ ಕ್ಷಮೆ ಕೇಳಬೇಡಿ. ರಾತ್ರಿ ಬಾಯಿಗೆ ಅದೇ ಪ್ರಾರ್ಥನೆ ಬಂದರೆ 'ಸ್ತೋತ್ರ' ಎಂದು ಹೇಳಿ ಮಲಗಿ. ಮೊದಮೊದಲು ಸುಳ್ಳು ಹೇಳಿದಂತೆ ಅನಿಸುತ್ತದೆ, ಅನಿಸಲಿ.

ಪೇತ್ರನ ವಿಷಯಕ್ಕೆ ಬರುತ್ತೇನೆ. ಅವನು ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ ರಾತ್ರಿ ಚಳಿ ಇತ್ತು, ಮಹಾಯಾಜಕನ ಅಂಗಳದಲ್ಲಿ ಆಳುಗಳು ಇದ್ದಲಿನ ಬೆಂಕಿ ಹಾಕಿದ್ದರು. ಆ ಬೆಂಕಿಗೆ ಸುವಾರ್ತೆಗಾರ ಯೋಹಾನ ಬಳಸುವ ಗ್ರೀಕ್ ಪದ ಅಂಥ್ರಕಿಯಾ. ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಎರಡೇ ಸಲ, ಒಂದು ಅಲ್ಲಿ, ಇನ್ನೊಂದು ಮೂರು ಅಧ್ಯಾಯಗಳಾಚೆ ಸಮುದ್ರದ ದಡದಲ್ಲಿ. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ, ಬೆಳಗಿನ ಹೊತ್ತಿಗೆ ದಡದಲ್ಲಿ ನಿಂತವನ ಮಾತು ಕೇಳಿ ಬೀಸಿದಾಗ 153 ಮೀನು. ಕರ್ತನೇ ಎಂದು ಗೊತ್ತಾದೊಡನೆ ಪೇತ್ರ ನೀರಿಗೆ ಹಾರಿ ದಡಕ್ಕೆ ಬಂದ. ಬಂದು ನೋಡಿದರೆ ಇದ್ದಲಿನ ಬೆಂಕಿ. ಅದೇ ಕೆಂಪು, ಅದೇ ಹೊಗೆಯ ವಾಸನೆ. ನಮ್ಮ ಮೂಗಿಗಿಂತ ದೊಡ್ಡ ನೆನಪಿನ ಪೆಟ್ಟಿಗೆ ಇಲ್ಲ. ಒಂದು ಕ್ಷಣ ಅವನ ಕಾಲು ಅಲ್ಲೇ ನಿಂತಿರಬೇಕು ಎಂದುಕೊಳ್ಳುತ್ತೇನೆ.

ಆ ನೆನಪನ್ನು ಯೇಸು ಅಳಿಸಿಹಾಕಲಿಲ್ಲ. ಆ ಬೆಂಕಿಯ ಮುಂದೆಯೇ ಪೇತ್ರನನ್ನು ಕೂರಿಸಿದ. ಮೊದಲು ಮೀನು, ರೊಟ್ಟಿ. ಊಟವಾದ ಮೇಲೆ ಮಾತು. ಪೇತ್ರ ಎಂದು ತಾನೇ ಇಟ್ಟ ಹೆಸರಿನಿಂದ ಕರೆಯದೆ, ಯೋಹಾನನ ಮಗನಾದ ಸೀಮೋನನೇ ಎಂದ. ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ, ಇನ್ನೊಮ್ಮೆ ಮಾಡುವುದಿಲ್ಲ ಎಂದು ಮಾತು ಕೊಡು ಎಂದೂ ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದ. ಮೂರನೆಯ ಸಲ ಪೇತ್ರ ನೊಂದುಕೊಂಡ ಎಂದು ಯೋಹಾನ ಬಿಡದೆ ಬರೆದಿದ್ದಾನೆ. ಕ್ಷಮೆಗೂ ನೋವಿದೆ, ಗಾಯ ತೊಳೆಯುವಾಗ ಇರುವಂಥದ್ದು. ನಿಮಗೆ ಕ್ಷಮೆ ಸಿಕ್ಕಿದೆ ಎಂಬುದಕ್ಕೆ ಫೋನ್ ರಿಂಗಾದರೆ ಎದೆ ಝಲ್ಲೆನ್ನದಿರುವುದು ಗುರುತಲ್ಲ. ಅದು ಇನ್ನೂ ಎಷ್ಟೋ ವರ್ಷ ಝಲ್ಲೆನ್ನಬಹುದು.

ಮೊದಲಿನ ವಿಶ್ವಾಸ ಮರಳುತ್ತದೆಯೇ ಎಂದಿರಿ. ಬಹುಶಃ ಇಲ್ಲ. ಇದು ಕೆಟ್ಟ ಸುದ್ದಿಯಲ್ಲ. ಸತ್ತರೂ ನಿನ್ನನ್ನು ಅರಿಯೆನೆನ್ನುವುದಿಲ್ಲ ಎಂದ ಪೇತ್ರನ ವಿಶ್ವಾಸ ಅವನಿಗೆ ಮರಳಿ ಬರಲೇ ಇಲ್ಲ. ಬಂದದ್ದು ಬೇರೆ, 'ಕರ್ತನೇ, ನಿನಗೆ ಎಲ್ಲವೂ ತಿಳಿದಿದೆ' ಎನ್ನುವಷ್ಟು ತಗ್ಗಿದ್ದು. ಅದಕ್ಕೆ ಕಾಲವೂ ಹಿಡಿಯುತ್ತದೆ. ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್ 1748ರ ಬಿರುಗಾಳಿಯಲ್ಲಿ ಹಡಗು ಮುಳುಗುವಂತಾದಾಗ ದೇವರನ್ನು ಕೂಗಿದವನು. ಆಮೇಲೂ ಗುಲಾಮರ ಹಡಗುಗಳನ್ನು ನಡೆಸಿ, 1754ರಲ್ಲಿ ಅನಾರೋಗ್ಯದಿಂದ ಸಮುದ್ರ ಬಿಟ್ಟ. 1764ರಲ್ಲಿ ಪಾದ್ರಿಯಾದ. ಕೃಪೆಯ ಬಗ್ಗೆ ಅವನು ಬರೆದ ಹಾಡನ್ನು ಇವತ್ತಿಗೂ ಲೋಕವೆಲ್ಲ ಹಾಡುತ್ತದೆ. ಆದರೆ ಗುಲಾಮರ ವ್ಯಾಪಾರದಲ್ಲಿ ತಾನು ಮಾಡಿದ್ದನ್ನು ಒಪ್ಪಿಕೊಂಡು ಅದರ ವಿರುದ್ಧ ಪುಸ್ತಿಕೆ ಅಚ್ಚು ಹಾಕಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ ನಲವತ್ತು ವರ್ಷ. ಈ ಅರಿಕೆ ತೀರ ತಡವಾಗಿ ಬಂತು ಎಂದು ಅವನೇ ಅದರಲ್ಲಿ ಬರೆದಿದ್ದಾನೆ. ನಿಮ್ಮದು ಇನ್ನೂ ಎರಡು ವರ್ಷ.

ಹಾಡಲು ಬಾಯಿ ಬಾರದಿದ್ದರೆ ಹಾಡಬೇಡಿ, ಆದರೆ ಹೋಗಿ ಕುಳಿತುಕೊಳ್ಳಿ. ಮಾರ್ಕನ ಸುವಾರ್ತೆಯಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತಂದು, ಚಾವಣಿ ಬಿಚ್ಚಿ ಇಳಿಸುತ್ತಾರೆ. ಯೇಸು ನೋಡಿದ್ದು 'ಅವರ' ನಂಬಿಕೆಯನ್ನು ಎಂದಿದೆ. ಹಾಸಿಗೆಯ ಮೇಲಿದ್ದವನು ಒಂದು ಮಾತೂ ಆಡಲಿಲ್ಲ, ಪಾಪಕ್ಷಮೆ ಸಿಕ್ಕಿದ್ದು ಅವನಿಗೆ. ಕೆಲವು ಭಾನುವಾರ ಪಕ್ಕದಲ್ಲಿ ಕೂತವರು ನಿಮ್ಮ ಪಾಲಿನದನ್ನೂ ಹಾಡಲಿ.

ಕೊನೆಯದಾಗಿ, ನೀವು ಕೇಳದೇ ಇದ್ದ ಒಂದು ವಿಷಯ. ಅಪ್ಪನಿಂದ ಇನ್ನು ಕ್ಷಮೆ ಕೇಳುವುದು ಹೇಗೆ? ಸತ್ಯವೇದದ ಅರಣ್ಯಕಾಂಡ ಪುಸ್ತಕದ ಐದನೇ ಅಧ್ಯಾಯದಲ್ಲಿ, ಸಾಮಾನ್ಯವಾಗಿ ಯಾರೂ ನಿಂತು ಓದದ ಜಾಗದಲ್ಲಿ, ಒಂದು ನಿಯಮ ಇದೆ. ಬೇರೆಯವರಿಗೆ ತಪ್ಪು ಮಾಡಿದವನು ಅದನ್ನು ಅರಿಕೆ ಮಾಡಿ, ನಷ್ಟವನ್ನು ಪೂರ್ತಿ ತುಂಬಿ, ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ತೆಗೆದುಕೊಳ್ಳಲು ಆ ಮನುಷ್ಯನ ಹತ್ತಿರದ ಬಂಧುವೂ ಇಲ್ಲದಿದ್ದರೆ ಅದು ದೇವರಿಗೆ ಸಲ್ಲಬೇಕು. ಅಂದರೆ, ಅನ್ಯಾಯಕ್ಕೆ ಒಳಗಾದವನು ಬದುಕಿಲ್ಲದೇ ಹೋಗಬಹುದು ಎಂಬುದನ್ನು ಆ ನಿಯಮ ಮೊದಲೇ ಯೋಚಿಸಿದೆ. ಅವನು ಸತ್ತನೆಂದು ಸಾಲ ಸಾಯುವುದಿಲ್ಲ, ಹತ್ತಿರದ ಬಂಧುವಿಗೆ ಹೋಗುತ್ತದೆ. ಪೇತ್ರನಿಗೂ ಇಂಥದ್ದೇ ಲೆಕ್ಕ: ನನ್ನನ್ನು ಪ್ರೀತಿಸುತ್ತೀಯಾ, ಹಾಗಾದರೆ ನನ್ನ ಕುರಿಗಳನ್ನು ಮೇಯಿಸು.

ನಿಮ್ಮ ಪತ್ರದಲ್ಲಿ ನಿಮ್ಮ ತಮ್ಮ ಕಾಣಿಸಿಕೊಳ್ಳುವುದು ಎರಡೇ ಕಡೆ, ಅಪ್ಪ ಯಾರ ಪರ ನಿಂತರೋ ಅವನಾಗಿ, ಸಮಾಧಿಯ ಹತ್ತಿರ ಮುಖ ತಿರುಗಿಸಿದವನಾಗಿ. ಅಪ್ಪನ ಹತ್ತಿರದ ಬಂಧು ಅಂದರೆ ಅವನೇ ಅಲ್ಲವೇ?

ನಿವೇದನೆ ಮಾಡಿ, ಒಂದೆರಡು ವಾರ ಕಳೆದ ಮೇಲೆ ಅವನಿಗೆ ಒಂದು ಮೆಸೇಜ್ ಕಳಿಸಿ. ಉದ್ದ ಬೇಡ, ವಚನ ಬೇಡ. 'ಅಪ್ಪ ಹೋಗೋಕೆ ಹನ್ನೊಂದು ದಿನ ಮುಂಚೆ ನಂಗೆ ಫೋನ್ ಮಾಡಿದ್ರು ಕಣೋ. ನಾನು ಎತ್ತಲಿಲ್ಲ. ನಿಂಗೆ ಹೇಳಬೇಕು ಅನ್ನಿಸ್ತು.' ಇಷ್ಟು ಸಾಕು. ಪಾಲಿನ ಮಾತು ಎತ್ತಬೇಡಿ, ನಿಮ್ಮದೇ ನ್ಯಾಯವಾಗಿದ್ದರೂ ಸರಿ. ಅದಕ್ಕೆ ಬೇರೆ ದಿನ, ಬೇರೆ ಜನ ಇದ್ದಾರೆ. ಉತ್ತರ ಬರದಿದ್ದರೆ ಒಂದು ತಿಂಗಳು ಸುಮ್ಮನಿರಿ. ಬೈದರೆ ಬೈಸಿಕೊಳ್ಳಿ, ನಾನೂ ನೋವು ಅನುಭವಿಸಿದ್ದೇನೆ ಎಂದು ನಡುವೆ ಬಾಯಿ ಹಾಕಬೇಡಿ. ಆ ಫೋನ್ ಯಾಕೆ ಮಾಡಿದ್ದರೆಂದು ಅವನಿಗೆ ಗೊತ್ತಿರಲೂಬಹುದು, ಇಲ್ಲದಿರಲೂಬಹುದು. ಅದನ್ನು ತಿಳಿಯುವ ಆಸೆಯಿಂದ ಮಾತ್ರ ಹೋಗಬೇಡಿ. ನೀವು ಮಾತು ಬಿಟ್ಟ ಆ ನಾಲ್ಕು ವರ್ಷ ಅಪ್ಪನಿಗೆ ಮಾತ್ರೆ ತಂದುಕೊಟ್ಟದ್ದು, ಆಸ್ಪತ್ರೆಯ ಸಾಲಿನಲ್ಲಿ ನಿಂತದ್ದು ಅವನೇ ಆಗಿದ್ದರೆ, ಅದಕ್ಕೊಂದು ಧನ್ಯವಾದ ನಿಮ್ಮಿಂದ ಬಾಕಿ ಇದೆ. ಅದನ್ನು ಫೋನಿನಲ್ಲಿ ಹೇಳಬೇಡಿ, ಎದುರಿಗೆ ಹೋಗಿ ಹೇಳಿ.